ಸಾಮಿ ಹಾಲು

ಅಪ್ಪನ ಮೂತ್ರಪಿಂಡದ ಕ್ಯಾನ್ಸರು ಅಲ್ಲೇ ನಿಲ್ಲದೆ, ದೊಡ್ಡ ರಕ್ತನಾಳದೊಳಗೆ ಬಳ್ಳಿಯಂತೆ ಹಬ್ಬಿ ಹೃದಯ ಮುಟ್ಟಿತ್ತು. ಸೇಲಂನ ಆಸ್ಪತ್ರೆಯಲ್ಲಿ ಹೃದಯದ ಸರ್ಜನ್ನು, ಹೃದಯದ ಬದಲು ರಕ್ತ ಓಡಿಸುವ ಅವರ ಯಂತ್ರ, ಎಲ್ಲ ಒಟ್ಟಿಗೆ ಆಪರೇಷನ್ನಿಗೆ ಸಿಕ್ಕಿದ್ದು ಅಂದು ಬೆಳಿಗ್ಗೆ. ಹಿಂದಿನ ಸಂಜೆ ಅರಿವಳಿಕೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಮದ್ದು ಕೊಟ್ಟು ಮಲಗಿಸುವ ಗಳಿಗೆಯೇ ಗಂಡಾಂತರದ್ದು, ರಕ್ತದೊತ್ತಡ ಕುಸಿಯಬಹುದು, ಗೆಡ್ಡೆಯ ಚೂರು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೇ ಅನ್ನನಾಳದಲ್ಲಿ ಸ್ಕ್ಯಾನಿನ ಕೊಳವೆ ಇಳಿಸಿ, ಹಿಂದಿನಿಂದ ಹೃದಯವನ್ನು ನೋಡುತ್ತಲೇ ಇರುತ್ತಾರೆ. ಹೊಟ್ಟೆ ಮಾತ್ರ ಖಾಲಿ ಇರಬೇಕು. ಒಳಗಿದ್ದದ್ದು ಮೇಲೆ ಬಂದು ಶ್ವಾಸಕ್ಕಿಳಿದರೆ ಅಲ್ಲಿಗೇ ಮುಗಿಯಬಹುದು. ಚರ್ಚಾಸ್ಪರ್ಧೆಗಳಲ್ಲಿ ಬಿದ್ದ ಚಾಳಿಯಿಂದ ನಾನು ಎಳೆದೆಳೆದು ಪ್ರಶ್ನೆ ಕೇಳಿದೆ. ಒಂದರಿಂದಲೂ ಅವರು ತಪ್ಪಿಸಿಕೊಳ್ಳಲಿಲ್ಲ. ನಂಬಿದೆ, ನಾನು ನಂಬುವುದು ಅಪರೂಪ.

ಬೆಳಿಗ್ಗೆ ಮುಖ ತೊಳೆದು ಬಂದಾಗ ಅಪ್ಪನ ಮೀಸೆಯಲ್ಲಿ ಬಿಳಿ ಅಂಟಿತ್ತು. ಪಕ್ಕದಲ್ಲಿ ಅಪ್ಪನ ಅಕ್ಕ, ನನ್ನ ಅತ್ತೆ. ಊರಿಂದ ಮೊದಲ ಬಸ್ಸಿಗೆ ತೊಪ್ಪೂರು ಘಾಟಿ ಇಳಿದು ಬಂದಿದ್ದಳು. ಮಡಿಲಲ್ಲಿ ಡಬ್ಬಿ.

"ಏನತ್ತೆ ಕೊಟ್ಟೆ?"

"ಸಾಮಿ ಆಲು ಲಾ. ಮೊದ್ಲು ಮರಿ ಆಕಿದ್ ಕುರೀದು. ಅಕ್ಕಿ ಆಕಿ ಪೊಂಗಿಸಿ, ಸಾಮಿಗೆ ಎಡೆ ಇಟ್ಟು ತಂದಿವ್ನಿ."

"ಏನೂ ತಿನ್ನಬಾರದು ಅಂದಿದ್ರಲ್ಲ?"

"ತಿಂದಿಲ್ವಲ್ಲ. ಸಾಮಿ ಆಲು ಕುಡುದ್ರೆ ಒಪ್ಪೊತ್ತು ಕೆಟ್ಟೋಗ್ತದಾ?"

ಕುರಿ ಸಾಕುವ ನಮ್ಮ ಮನೆಗಳಲ್ಲಿ ಒಪ್ಪೊತ್ತಿನ ಉಪವಾಸದ ದಿನ ಎಡೆಯ ಹಾಲನ್ನ ಊಟದ ಲೆಕ್ಕಕ್ಕೇ ಇಲ್ಲ. ಅವಳ ತರ್ಕದಲ್ಲಿ ಬಿರುಕಿರಲಿಲ್ಲ.

ಅಪ್ಪ ನನ್ನ ಮಣಿಕಟ್ಟು ಹಿಡಿದ. "ಡಾಕ್ಟ್ರಮ್ಮಂಗೆ ಏಳ್ಬೇಡ ಲಾ. ಏಳಿದ್ರೆ ಇವತ್ತು ಮಾಡಕಿಲ್ಲ. ದಿನಾಲೂ ಮಾತಾಡೋನು, ಇವತ್ತೊಂದಿನ ಬಾಯಿ ಮುಚ್ಕೊಂಡಿರು."

ಹೇಳಿದರೆ ದಿನ ಹೋಗುತ್ತದೆ, ಗೆಡ್ಡೆ ಕಾಯುವುದಿಲ್ಲ. ಹೇಳದಿದ್ದರೆ ಮಲಗಿಸುವಾಗಲೇ ಅಪ್ಪ ಹೋಗಬಹುದು. ಸ್ಪರ್ಧೆಯಲ್ಲಾದರೆ ಪರವೋ ವಿರೋಧವೋ ಯಾರೋ ಮೊದಲೇ ಹೇಳಿಬಿಡುತ್ತಿದ್ದರು. ಇಲ್ಲಿ ಎರಡೂ ಪಕ್ಷ ನನ್ನವೇ, ಮಣಿಕಟ್ಟು ಅಪ್ಪನ ಕೈಯಲ್ಲಿ.

ಡಾಕ್ಟರಮ್ಮ ಬಂದು ತಮಿಳಿನಲ್ಲಿ, ಏನಾದರೂ ತಿಂದಿರಾ ಎಂದು ಕೇಳಿದರು.

"ಇಲ್ಲೆಮ್ಮಾ," ಅಂದ ಅಪ್ಪ, ಅವರ ಮುಖವನ್ನೇ ನೋಡಿ.

"ಹಾಲನ್ನ ತಿಂದಿದ್ದಾರೆ," ಅಂದೆ. "ಈಗಷ್ಟೇ."

ಅವರು ಬೈಯಲಿಲ್ಲ. ಎಷ್ಟು ಎಂದರು; ಅತ್ತೆ ಡಬ್ಬಿ ತೆರೆದು ತೋರಿಸಿದಳು. ಹೊರಗೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು. ಗಾಜಿನ ಬಾಗಿಲಾಚೆ ತುಟಿ ಮಾತ್ರ ಕಾಣುತ್ತಿತ್ತು. ಒಳಬಂದು, ಹೊಟ್ಟೆ ಖಾಲಿಯಾಗುವಷ್ಟರಲ್ಲಿ ಮಧ್ಯಾಹ್ನ, ಆಗ ಹೃದಯದವರಿಗೆ ಬೇರೆ ಕೇಸಿದೆ, ಇನ್ನು ನಾಳಿದ್ದೇ ಅಂದರು.

ಅಪ್ಪ ಕೈ ಬಿಟ್ಟ. "ಗೆದ್ಯಾ?" ಅಂದ. "ಅಷ್ಟೊತ್ಗೆ ಅದು ಇನ್ನೊಸಿ ಮೇಲಕ್ಕೆ ಏರ್ಕೊಂಡ್ರೆ?"

ಅತ್ತೆ ಸೆರಗಿನಿಂದ ಅವನ ಮೀಸೆ ಒರೆಸಿದಳು. ಆಮೇಲೆ ಡಬ್ಬಿಯ ಮುಚ್ಚಳ ಒತ್ತಿ ನನ್ನ ಕೈಗಿಟ್ಟಳು.

"ನಾಳಿದ್ದು ಗಂಟ ಇದನ್ನ ನೀನೇ ಇಟ್ಕೋ ಲಾ. ನನ್ ಕೈಲಿದ್ರೆ ತಿರ್ಗಾ ಕೊಟ್ಬುಡ್ತೀನಿ."