ಗೊಂಬೆಗೆ ಸೀರೆ ಉಡಿಸಿದ್ದು

ಪಂಚೆ ಉಟ್ಟರೆ ಮೇಲೊಂದು ಬೆಲ್ಟ್ ಬಿಗಿಯದೆ ಮನೆಯಿಂದಾಚೆ ಕಾಲಿಡದ ಗಂಡಸು ನಾನು. ಇಂಥವನಿಗೆ ಬಟ್ಟೆ ಉಡಿಸುವುದೇ ಹೊಟ್ಟೆಪಾಡಾಯಿತು. ಮನುಷ್ಯರಿಗಲ್ಲ, ಕಂಪ್ಯೂಟರಿನೊಳಗಿನ ಗೊಂಬೆಗಳಿಗೆ. ಎರಡು ಸಾವಿರದ ಇಸವಿ ಕಳೆದ ಹೊಸತು, ಜೆ.ಪಿ. ನಗರದಲ್ಲಿ ಬೇಕರಿಯೊಂದರ ಮೇಲಿದ್ದ ಪುಟ್ಟ ಅನಿಮೇಶನ್ ಕಂಪನಿಯಲ್ಲಿ ನನಗೆ ಅದೇ ಕೆಲಸ. ಗೊಂಬೆ ನಡೆದರೆ ಅಂಗಿ ಅಲುಗಬೇಕು, ಕೂತರೆ ಸುಕ್ಕು ಬೀಳಬೇಕು, ಮೊಣಕೈ ಅಂಗಿಯ ತೋಳನ್ನು ತೂರಿಕೊಂಡು ಆಚೆ ಬರಬಾರದು. ಬರುತ್ತಿತ್ತು, ಅದು ಬೇರೆ ಮಾತು.

ಅಂಗಿ ಪ್ಯಾಂಟುಗಳ ಮಟ್ಟಿಗೆ ಹೇಗೋ ಮಾನ ಉಳಿಯಿತು. ಒಮ್ಮೆ ಜಾಹೀರಾತೊಂದಕ್ಕೆ ಸೀರೆಯ ಗೊಂಬೆ ಬೇಕೆಂದರು. ನಮ್ಮಲ್ಲಿ ರವಿಕೆಯನ್ನು ತೊಡುತ್ತಾರೆ, ಸೀರೆಯನ್ನು ಉಡುತ್ತಾರೆ; ಹೊಲಿದದ್ದಕ್ಕೊಂದು ಮಾತು, ಸುತ್ತಿದ್ದಕ್ಕೊಂದು ಮಾತು. ನಮ್ಮ ಸಾಫ್ಟ್‌ವೇರಿಗೆ ತೊಡಿಸುವುದಷ್ಟೇ ಗೊತ್ತಿತ್ತು. ಸೀರೆ ಸುತ್ತಿ ಗೊಂಬೆಯನ್ನು ನಡೆಸಿದರೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸೀರೆ ನೆಲದ ಮೇಲೆ, ಗೊಂಬೆ ಮಾತ್ರ ನಗುತ್ತಾ ಮುಂದಕ್ಕೆ. ನಾಚಿಕೆಗೆ ನಾನು ಮಾನಿಟರ್ ಆರಿಸಿಬಿಡುತ್ತಿದ್ದೆ. ಕೊನೆಗೆ ಸೀರೆಯನ್ನು ಲಂಗದ ಹಾಗೆ ಹೊಲಿದು, ನೆರಿಗೆ ಅಂಟಿಸಿ, ಸೆರಗನ್ನು ಬೇರೆಯಾಗಿ ಹೆಗಲಿಗೆ ಸಿಕ್ಕಿಸುವ ಕಳ್ಳದಾರಿ ಹಿಡಿದೆವು. ಜಾರುವುದು ನಿಂತಿತು, ಆದರೆ ನೆರಿಗೆ ತಗಡಿನಂತೆ ಅಲ್ಲಾಡತೊಡಗಿತು. ನಿಜವಾದ ಸೀರೆ ಹೇಗೆ ಅಲುಗುತ್ತದೆಂದು ನೋಡದೆ ಬೇರೆ ದಾರಿಯಿರಲಿಲ್ಲ.

ಬನಶಂಕರಿಯ ನಮ್ಮ ಮನೆಯಲ್ಲಿ ಸೀರೆಗೇನು ಬರವೇ? ಒಂದು ಭಾನುವಾರ ಆಫೀಸಿನ ಹ್ಯಾಂಡಿಕ್ಯಾಮ್ ತಂದು, ತಾರಸಿಯ ಮೇಲೆ ಸ್ವಲ್ಪ ನಡೆದು ತೋರಿಸೆಂದು ಅಮ್ಮನನ್ನು ಕೇಳಿದೆ. ವಿಡಿಯೋ ಎಂದದ್ದೇ ತಡ, ಅಮ್ಮ ಮೈಸೂರು ರೇಷ್ಮೆ ಉಟ್ಟು, ಮುಖಕ್ಕೆ ಪೌಡರ್ ಹಚ್ಚಿ, ಮಲ್ಲಿಗೆ ಮುಡಿದು ಬಂದಳು. ನಾನು ಕ್ಯಾಮೆರಾ ತಗ್ಗಿಸಿದೆ.

"ಮುಖ ಬೇಡಮ್ಮ, ಸೀರೆ ಸಾಕು."

"ಸೀರೆ ಸಾಕು ಅಂದ್ರೆ ಹ್ಯಾಂಗರ್‌ಗೆ ಹಾಕ್ಕೊಳೋ, ನಾನ್ಯಾಕೆ?" ಎಂದಳು. ಆದರೂ ನಡೆದಳು, ನೀರಿನ ಟ್ಯಾಂಕಿನಿಂದ ಮೆಟ್ಟಿಲ ತನಕ, ಮತ್ತೆ ವಾಪಸ್ಸು. ಅದನ್ನು ನೋಡಿ ನೋಡಿಯೇ ನಮ್ಮ ಗೊಂಬೆ ನೆರಿಗೆ ಚಿಮ್ಮುತ್ತಾ ನಡೆಯುವುದನ್ನು ಕಲಿತದ್ದು. ಜಾಹೀರಾತು ಟಿವಿಯಲ್ಲಿ ಬಂದಾಗ ಅಮ್ಮ ಪಕ್ಕದ ಮನೆಯವರನ್ನು ಕೂಗಿ ಕರೆದಳು: "ಬೇಗ ಬನ್ರೀ, ಆ ಹುಡುಗಿ ನಡೀತಿರೋದು ನನ್ನ ನಡಿಗೆ!"

ಈಗ ಅಮ್ಮ ಇಲ್ಲ. ಫೋಟೋಗಳಲ್ಲಿ ಅವಳು ಆ ಕಾಲದ ಎಲ್ಲರಂತೆ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಓಡಾಡುವ ಅಮ್ಮ ಇರುವುದು ಆ ಟೇಪಿನಲ್ಲಿ ಮಾತ್ರ, ಅದೂ ಕುತ್ತಿಗೆಯಿಂದ ಕೆಳಗೆ. ನೆರಿಗೆ ಒದ್ದು ಮುಂದಾಗುವ ಪಾದ, ಸೆರಗು ಎಳೆದುಕೊಳ್ಳುವ ಕೈ. ಕೊನೆಗೆ ಅಂಚು ಕಾಲಿಗೆ ಸಿಕ್ಕಿ, ಬಿಡಿಸಿಕೊಳ್ಳಲು ಅಮ್ಮ ಬಾಗುತ್ತಾಳೆ. ಮೊದಲು ಮಲ್ಲಿಗೆ ಕಾಣುತ್ತದೆ, ಆಮೇಲೆ ಬೈತಲೆ, ಹಣೆಯ ಒಂದು ಚೂರು. ಅಷ್ಟರಲ್ಲಿ ಚಿತ್ರ ನಿಂತುಹೋಗುತ್ತದೆ. ಸೀರೆಗೆ ತಲೆ ಅಡ್ಡ ಬಂತೆಂದು ನಾನೇ ಆಫ್ ಮಾಡಿದ್ದೆ. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅಮ್ಮ ತಲೆ ಎತ್ತುತ್ತಿದ್ದಳು, ಬಹುಶಃ ಬೈಯುತ್ತಲೂ ಇದ್ದಳು. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ನಿಮ್ಮ ಮನೆಯಲ್ಲಿ ಯಾರಾದರೂ ನಿಮಗಾಗಿ ನಡೆದು ತೋರಿಸುವುದಾದರೆ, ದಯವಿಟ್ಟು ಸ್ವಲ್ಪ ಹಿಂದೆ ಸರಿದು ನಿಲ್ಲಿ. ಸೀರೆ ಚಿಕ್ಕದಾಗಿ ಕಂಡೀತು, ಪರವಾಗಿಲ್ಲ.