ನಾನೂರ ಹದಿನಾಲ್ಕು ಜೇಬು

ನನ್ನ ಹೆಂಡತಿಯ ಬಗ್ಗೆ ಬರೆಯಬೇಕೆಂದು ಕೂತಿದ್ದೇನೆ. ಹೊಗಳಿ ಬರೆಯುತ್ತೇನೆ ಅಂದುಕೊಂಡವರಿಗೆ ನಿರಾಸೆಯಾದೀತು. ಮೊದಲೇ ಹೇಳಿಬಿಡುತ್ತೇನೆ, ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪಕ್ಕದ ಮನೆಯವನು ಕಾರು ತಂದಾಗ ಬರುವಂಥದ್ದಲ್ಲ. ಅದು ನಾಲ್ಕು ದಿನ ಉರಿದು ಆರಿಹೋಗುತ್ತದೆ. ಇದು ಎದುರಿಗೇ ಕೂತು ಉಣ್ಣುವವರ ಮೇಲೆ ಬರುವ ಕಿಚ್ಚು, ಇದಕ್ಕೆ ಮದ್ದಿಲ್ಲ.

ನಾನು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಯಾವ ತರಗತಿ ಯಾವ ಕೋಣೆಯಲ್ಲಿ, ಎಷ್ಟು ಹೊತ್ತಿಗೆ ಅನ್ನುವುದನ್ನು ಗೊತ್ತುಮಾಡುವುದು ನನ್ನ ಕೆಲಸ. ಪಾಠ ಹೇಳುವವರೆಲ್ಲ ನನ್ನನ್ನು ‘ರೂಮಪ್ಪ’ ಅನ್ನುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಕುಲಪತಿಗಳು ಹೊಸ ಕೋರ್ಸು ಕೊಟ್ಟರೂ ಕೋಣೆ ಕೊಡಬೇಕಾದವನು ನಾನು. ಹೆಂಡತಿಯ ತವರಿನಲ್ಲಂತೂ ನಾನು ‘ಯೂನಿವರ್ಸಿಟಿ ಭಾವ’. ಯಾರ ಮಗುವನ್ನು ಎಲ್ಲಿ ಸೇರಿಸಬೇಕಾದರೂ ನನ್ನನ್ನೇ ಕೇಳುತ್ತಿದ್ದರು. ಈ ಭಾವ ಡಿಗ್ರಿಯ ಎರಡನೇ ವರ್ಷದಲ್ಲಿ ಎರಡು ಸಲ ಡುಮ್ಕಿ ಹೊಡೆದು ಓದು ಬಿಟ್ಟವನು ಅನ್ನುವುದು ಹೆಂಡತಿಗೊಬ್ಬಳಿಗೇ ಗೊತ್ತು. ಅವಳು ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ.

ಅವಳು ದರ್ಜಿ. ಶಾಲೆಗಳ ಯೂನಿಫಾರಂ ಹೊಲಿಯುತ್ತಾಳೆ. ಓದಿನಲ್ಲಿ ಚುರುಕಾಗಿದ್ದವಳನ್ನು ಹನ್ನೆರಡನೇ ತರಗತಿಯ ನಂತರ ಮನೆಯಲ್ಲಿ ಕೂರಿಸಿದ್ದರು. ತಾಯಿಗೆ ಕಾಯಿಲೆ, ಕೆಳಗೆ ತಮ್ಮ, ತಂಗಿ. ಆ ಅಂಕಪಟ್ಟಿ ಇವತ್ತಿಗೂ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗಿದೆ.

ನನ್ನ ಮೇಜಿನ ಹಿಂದಿನ ಗೋಡೆಗೆ ನೇತುಹಾಕಿರುವ ಬಟ್ಟೆಯೂ ಅವಳದೇ ಕೈಕೆಲಸ. ಯೂನಿಫಾರಂ ಹೊಲಿದು ಮಿಕ್ಕಿದ ನೀಲಿ ಬಟ್ಟೆ. ಅದರ ಮೇಲೆ ಬೆರಳುದ್ದದ ಪುಟ್ಟ ಜೇಬುಗಳು. ಕೋಣೆಗೊಂದರಂತೆ ನಲವತ್ತಾರು ಅಡ್ಡಸಾಲು, ಅವಧಿಗೊಂದರಂತೆ ಎಂಟು ಉದ್ದಸಾಲು. ಕಲಾ ವಿಭಾಗಕ್ಕೆ ಹಳದಿ ಚೀಟಿ, ವಿಜ್ಞಾನಕ್ಕೆ ಕೆಂಪು, ವಾಣಿಜ್ಯಕ್ಕೆ ಹಸಿರು. ಕೋಣೆಯ ಫ್ಯಾನೋ ಸೂರೋ ಕೆಟ್ಟು ದುರಸ್ತಿಗೆ ಹೋದರೆ ಬೂದು ಚೀಟಿ. ನಡುವೆ ಒಂದು ವರ್ಷ ಕಂಪ್ಯೂಟರಿಗೆ ಈ ಕೆಲಸ ಒಪ್ಪಿಸಿದ್ದರು. ಅದು ಮೂರು ತರಗತಿಗಳನ್ನು ಒಂದೇ ಕೋಣೆಗೆ ನುಗ್ಗಿಸಿ ಜಗಳ ಹಚ್ಚಿದ ಮೇಲೆ ಸಾಹೇಬರು ತಾವೇ ಬಂದು, “ನಿಮ್ಮ ಬಟ್ಟೇನೇ ನೇತುಹಾಕಿ ಮಾರಾಯ್ರೇ” ಅಂದರು. ಆ ಬಟ್ಟೆಯನ್ನು ಓದಲು ಬರುವುದು ಇಬ್ಬರಿಗೆ, ಚೀಟಿ ಹಾಕುವ ನನಗೆ ಮತ್ತು ಹೊಲಿದ ಅವಳಿಗೆ. ಎರಡನೆಯದು ನನಗೆ ಮರೆತೇ ಹೋಗಿತ್ತು.

ಮೂರು ವರ್ಷದ ಹಿಂದೆ ಸೀಟುಗಳ ಸಂಖ್ಯೆ ಹೆಚ್ಚಿಸಲು ಶುರುಮಾಡಿದರು. ಮೂರು ಸಾವಿರದ ಎಂಟುನೂರಿದ್ದ ವಿದ್ಯಾರ್ಥಿಗಳು ಒಂಬತ್ತು ಸಾವಿರ ದಾಟಿದರು. ಕೋಣೆ ಮಾತ್ರ ಅದೇ ನಲವತ್ತಾರು. ನಾಲ್ವರ ಬೆಂಚಿನಲ್ಲಿ ಆರು ಜನ, ಕಿಟಕಿಕಟ್ಟೆಯ ಮೇಲೆ ಇಬ್ಬರು, ಬಾಗಿಲಲ್ಲಿ ನಿಂತು ಬರೆದುಕೊಳ್ಳುವವರು ಬೇರೆ. ಗಂಟಲು ಕೆಟ್ಟು ಮೇಷ್ಟ್ರುಗಳು ಮೈಕು ಕೇಳಿದರು. ಕ್ಯಾಂಟೀನಿನ ಸಾಲು ಮೆಟ್ಟಿಲಿಳಿದು ಸೈಕಲ್ ನಿಲ್ಲಿಸುವ ಜಾಗದವರೆಗೆ ಬಂತು. ಸಂಜೆಯೂ ತರಗತಿ ನಡೆಸಿ ಎಂದು ಆದೇಶವಾಯಿತು. ಹೆಂಡತಿಗೆ ಹೇಳಿ ಬಟ್ಟೆಗೆ ಇನ್ನೊಂದು ಉದ್ದಸಾಲು ಹೊಲಿಸಿದೆ. ಅದೇ ನೀಲಿ ಸಿಗದೆ ಅವಳು ಒಂದಿಷ್ಟು ಗಾಢವಾದ ನೀಲಿ ಹಾಕಿದಳು. ಒಟ್ಟು ನಾನೂರ ಹದಿನಾಲ್ಕು ಜೇಬಾಯಿತು.

ಆ ಒಂಬತ್ತನೇ ಸಾಲು ತುಂಬಿದ್ದು ಓದನ್ನು ಅರ್ಧಕ್ಕೆ ಬಿಟ್ಟಿದ್ದ, ವಯಸ್ಸಾದ ಜನರಿಂದ. ಅವರಿಗಾಗಿಯೇ ಸಂಜೆ ವಿಭಾಗ ತೆರೆದಿದ್ದರು. ಅದರ ಅರ್ಜಿ ನಮೂನೆಯನ್ನು ಮನೆಗೆ ತಂದವನೂ ನಾನೇ, ಊಟದ ಡಬ್ಬಿ ಸುತ್ತಿಕೊಂಡು. ಅವಳು ಅದನ್ನು ಬಿಡಿಸಿ, ಎಣ್ಣೆ ಕಲೆ ಒರೆಸಿ, ಓದಿದಳು.

“ರೀ, ನಾನೂ ಹಾಕ್ಲಾ?”

“ಹಾಕು, ಹಾಕು. ಸಿಕ್ಕಾಗ ನೋಡೋಣ,” ಅಂದೆ. ಸಿಕ್ಕಿತು. ಇತಿಹಾಸ ವಿಭಾಗ, ಹನ್ನೆರಡನೇ ಕೋಣೆ, ಸಂಜೆ ಐದೂವರೆಯಿಂದ ಏಳು.

ಮೊದಮೊದಲು ನಾನೂ ಹಿಗ್ಗಿದೆ, ಸುಳ್ಳು ಹೇಳಲಾರೆ. ಅವಳು ತರಗತಿಯಲ್ಲೆಲ್ಲ, “ನಮ್ಮನೆಯವರು ಇಲ್ಲೇ ಇದ್ದಾರೆ, ಕೋಣೆ ಹಂಚೋದೇ ಅವರು” ಅಂತ ಹೇಳಿಕೊಂಡು ಬಂದಿದ್ದಳು. ಆಮೇಲೆ ಶುರುವಾಯಿತು. ಒಂದು ದಿನ ಗ್ರಂಥಾಲಯದಿಂದ ಪುಸ್ತಕ ತಂದಳು. ಇಪ್ಪತ್ತಾರು ವರ್ಷದಲ್ಲಿ ನಾನು ಅಲ್ಲಿಂದ ಒಂದು ಪುಸ್ತಕವನ್ನೂ ತಂದವನಲ್ಲ. ಯಾರೂ ಬೇಡ ಅಂದಿರಲಿಲ್ಲ, ಆದರೂ ಉರಿಯಿತು. ಅವಳು ಮನೆಯಲ್ಲಿ ಪಾಠದ ವಿಷಯ ಹೇಳಲು ಬಂದರೆ ನಾನು ಟಿವಿ ಜೋರು ಮಾಡುತ್ತಿದ್ದೆ. ಜೊತೆಯಲ್ಲಿ ಓದುವ ಬಸ್ ಕಂಡಕ್ಟರ್ ಫೋನಿನಲ್ಲಿ ಏನೋ ಹೇಳಿ ಅವಳನ್ನು ನಗಿಸಿದರೆ, ಈ ಟಿಕೆಟ್ ಹರಿಯುವವನಿಗೆ ಅಂಥಾ ಜೋಕು ಎಲ್ಲಿಂದ ಬಂತು ಅಂತ ಮೈಯೆಲ್ಲ ಕಿವಿಯಾಗಿ ಕೂರುತ್ತಿದ್ದೆ.

ಒಂದು ಭಾನುವಾರ ಭಾಮೈದನ ಫೋನು ಬಂತು.

“ಭಾವ, ಅಕ್ಕ ಇದ್ದಾಳಾ? ಮಗ ಯಾವ ವಿಷಯ ತಗೊಂಡ್ರೆ ಒಳ್ಳೇದು ಅಂತ ಕೇಳ್ಬೇಕಿತ್ತು.”

“ನನ್ನೇ ಕೇಳೋ.”

“ನೀವು ಆಫೀಸಿನವರು ಭಾವ. ಓದ್ತಿರೋಳು ಅಕ್ಕ, ಒಳಗಿನ ವಿಷಯ ಅವಳಿಗೆ ಗೊತ್ತಿರುತ್ತೆ.”

ಫೋನನ್ನು ಅವಳ ಕೈಗೆ ಕೊಟ್ಟು ಹೊರಗೆ ಬಂದೆ. ಇಪ್ಪತ್ತಾರು ವರ್ಷದ ‘ಯೂನಿವರ್ಸಿಟಿ ಭಾವ’ನನ್ನು ಏಳು ತಿಂಗಳ ವಿದ್ಯಾರ್ಥಿನಿ ಮೂಲೆಗೆ ಒರಗಿಸಿಬಿಟ್ಟಿದ್ದಳು.

ಅದರ ಮಾರನೇ ದಿನವೇ ಇತಿಹಾಸದ ಮೇಡಂ ಕಾರಿಡಾರಿನಲ್ಲಿ ನನ್ನನ್ನು ನಿಲ್ಲಿಸಿದರು. “ರೂಮಪ್ಪ, ನಿಮ್ಮ ಮನೆಯವರು ಬರೆದಿರೋ ಪ್ರಬಂಧ ಓದಿದ್ರಾ? ಹುಡುಗೀರ ಯೂನಿಫಾರಂಗೆ ಯಾಕೆ ಜೇಬು ಇಡಲ್ಲ ಅಂತ ಬರೆದಿದ್ದಾರೆ. ಇಂಥ ವಿದ್ಯಾರ್ಥಿ ನನಗೆ ಸಿಕ್ಕಿ ಎಷ್ಟೋ ವರ್ಷ ಆಯ್ತು ಕಣ್ರೀ.”

ಓದಿರಲಿಲ್ಲ. ನಾನು ಓದಲಿ ಅಂತ ಅವಳು ಎರಡು ದಿನ ಮೇಜಿನ ಮೇಲೆ ಇಟ್ಟಿದ್ದಳು, ನಾನು ಅದರ ಮೇಲೆ ಚಹಾದ ಲೋಟ ಇಟ್ಟಿದ್ದೆ. ಮೇಡಂಗೆ ಹಲ್ಲು ಕಿರಿದು ಕಚೇರಿಗೆ ಬಂದೆ. ಹನ್ನೆರಡನೇ ಸಾಲಿನ ಒಂಬತ್ತನೇ ಜೇಬಿನಿಂದ ಅವಳ ತರಗತಿಯ ಹಳದಿ ಚೀಟಿ ಎಳೆದು, ನಲವತ್ತನೇ ಸಾಲಿನ ಮೊದಲನೇ ಜೇಬಿಗೆ ಹಾಕಿದೆ. ನಾಲ್ಕನೇ ಮಹಡಿ, ಬೆಳಗ್ಗೆ ಏಳು ಗಂಟೆ. ಅಷ್ಟು ಬೆಳಗ್ಗೆ ಅಲ್ಲಿಗೆ ಹತ್ತಲು ಯಾರೂ ಒಪ್ಪದೆ ಖಾಲಿ ಬಿದ್ದಿದ್ದ ಜೇಬು ಅದು. ಹನ್ನೆರಡರ ಸಂಜೆಗೆ ಬೂದು ಚೀಟಿ ಸಿಕ್ಕಿಸಿ, ‘ದುರಸ್ತಿ ನಿಮಿತ್ತ’ ಎಂದು ಸೂಚನಾ ಫಲಕಕ್ಕೆ ಹಾಳೆ ಅಂಟಿಸಿದೆ. ಹಾವು ಸಾಯಬೇಕು, ಕೋಲು ಮುರಿಯಬಾರದು. ಒಂಬತ್ತು ಸಾವಿರ ಜನ ಕಿಕ್ಕಿರಿದಿರುವ ಜಾಗದಲ್ಲಿ ಕೋಣೆ ಇಲ್ಲ ಅಂದರೆ ನಂಬದವರು ಯಾರು?

ಬೆಳಗ್ಗೆ ಏಳಕ್ಕೆ ಅವಳು ಬರಲಾರಳು, ಅದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ನನ್ನ ತಾಯಿ ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಮೈ ಒರೆಸಿ, ಬಟ್ಟೆ ಬದಲಿಸಿ, ತಿಂಡಿ ತಿನ್ನಿಸುವಷ್ಟರಲ್ಲಿ ಗಂಟೆ ಎಂಟೂವರೆ. ಮುಕ್ಕಾಲು ಪಾಲು ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅಂದರೆ ಅವಳ ಓದು ಅಲ್ಲಿಗೆ ಮುಗಿದಂತೆ.

ವಿಷಯ ತಿಳಿದ ಸಂಜೆ ಅವಳು ಗುಂಡಿ ಹೊಲಿಯುತ್ತ ಕೂತಿದ್ದಳು. “ಕೋಣೆ ಇಲ್ಲ ಅಂದ್ರೆ ನೀವು ತಾನೆ ಏನು ಮಾಡ್ತೀರಿ, ಪಾಪ,” ಅಂದಳು. ಅತ್ತೆಯನ್ನು ಐದಕ್ಕೇ ಎಬ್ಬಿಸಿ ನೋಡುತ್ತೇನೆ ಅಂದಳು. ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ ಅನ್ನುವ ಮಾತು ನನ್ನ ಗಂಟಲವರೆಗೆ ಬಂತು. ನುಂಗಿಕೊಂಡೆ. ಆ ವಾರ ಐದು ದಿನದಲ್ಲಿ ಮೂರು ದಿನ ಅವಳಿಗೆ ಹೋಗಲಾಗಲಿಲ್ಲ.

ಎರಡನೇ ವಾರ ಸಂಜೆ ವಿಭಾಗದವರು ಐದಾರು ಜನ ಕಚೇರಿಗೆ ಬಂದರು. ಮುಂದೆ ಕಂಡಕ್ಟರ್, ಅವನ ಪಕ್ಕ ಒಬ್ಬ ನರ್ಸ್, ಎಲ್ಲರ ಹಿಂದೆ ನನ್ನ ಹೆಂಡತಿ.

“ಸಾರ್, ಏಳಕ್ಕೆ ನನ್ನ ಮೊದಲನೇ ಟ್ರಿಪ್ಪು,” ಅಂದ ಕಂಡಕ್ಟರ್. “ಇವರಿಗೆ ನೈಟ್ ಡ್ಯೂಟಿ ಮುಗಿಯೋದೇ ಬೆಳಗ್ಗೆ ಎಂಟಕ್ಕೆ. ಅರ್ಧ ಕ್ಲಾಸು ಬರ್ತಿಲ್ಲ ಸಾರ್. ಹನ್ನೆರಡಕ್ಕೆ ಅದೆಂಥ ದುರಸ್ತಿ? ಹೊರಗಿಂದ ನೋಡಿದ್ರೆ ಚೆನ್ನಾಗೇ ಇದೆ.”

“ವೈರಿಂಗು. ವೈರಿಂಗು ಹೊರಗೆ ಕಾಣ್ಸುತ್ತೇನ್ರೀ?” ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ಬೇರೆ ಕೋಣೆನಾದ್ರೂ ಇದ್ಯೇನೋ,” ಅಂದ ಕಂಡಕ್ಟರ್. “ಅಕ್ಕಾ, ಆ ಬಟ್ಟೆ ಹೊಲಿದದ್ದು ನೀವೇ ಅಂದಿದ್ರಲ್ಲ, ನೀವೇ ಸ್ವಲ್ಪ ನೋಡಿ.”

ಅವಳು ಮುಂದೆ ಬಂದಳು. ಮೊದಲು ಒಂಬತ್ತನೇ ಸಾಲನ್ನು ಮೇಲಿಂದ ಕೆಳಗೆ ನೋಡಿದಳು, ಎಲ್ಲ ಭರ್ತಿ. ಆಮೇಲೆ ಅವಳ ಬೆರಳು ಹನ್ನೆರಡನೇ ಕೋಣೆಯ ಸಾಲಿನ ಮೇಲೆ ಸಾಗಿತು. ಹಳದಿ, ಹಳದಿ, ಹಸಿರು, ಕೆಂಪು, ಹಳದಿ, ಹಸಿರು, ಹಸಿರು, ಹಳದಿ. ಎಂಟು ಅವಧಿಯಲ್ಲೂ ಪಾಠ. ಒಂಬತ್ತನೆಯದರಲ್ಲಿ ಮಾತ್ರ ದುರಸ್ತಿ. ಬೆಳಗ್ಗಿಂದ ಸಂಜೆವರೆಗೆ ಸರಿಯಿದ್ದು, ಐದೂವರೆಗೆ ಸರಿಯಾಗಿ ಕೆಡುವ ವೈರಿಂಗು ಲೋಕದಲ್ಲಿ ಎಲ್ಲಿದೆ? ಬೆರಳು ಬೂದು ಚೀಟಿಯ ಮೇಲೆ ನಿಂತಿತು. ಅವಳು ನನ್ನ ಕಡೆ ತಿರುಗಿದಳು. ನಾನು ಪೆನ್ನಿನ ಮುಚ್ಚಳ ಹುಡುಕಿದೆ.

“ಇಲ್ಲ,” ಅಂದಳು ಅವರಿಗೆ. “ಸಂಜೆಗೆ ಒಂದೂ ಖಾಲಿ ಇಲ್ಲ. ಇವರು ಹೇಳ್ತಿರೋದು ನಿಜ.”

ನನ್ನ ಮಾತನ್ನು ನಂಬದ ಜನ ಅವಳ ಮಾತನ್ನು ನಂಬಿದರು. “ಹಾಗಾದ್ರೆ ನಾನು ಬಿಟ್ಟೆ ಅಷ್ಟೆ,” ಅಂತ ನರ್ಸ್ ಬ್ಯಾಗು ಹೆಗಲಿಗೇರಿಸಿದಳು. ಇಷ್ಟಾದರೂ ಆ ಗಳಿಗೆಯಲ್ಲಿ ನನಗೆ ಹೊಳೆದದ್ದೇನು ಗೊತ್ತೇ? ಒಂದು ಸುಳ್ಳನ್ನಾದರೂ ಇವಳು ನನಗಿಂತ ಚೆನ್ನಾಗಿ ಹೇಳುತ್ತಾಳಲ್ಲ ಅಂತ. ಕಿಚ್ಚಿಗೆ ನಾಚಿಕೆ ಅನ್ನುವುದು ಇಲ್ಲ.

ಮನೆಯಲ್ಲಿ ಅವಳು ಅಮ್ಮನಿಗೆ ಉಣ್ಣಿಸಿ, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಬಂದು ನನ್ನೆದುರು ನಿಂತಳು.

“ಅವರೆದುರು ನಿಮ್ಮ ಮರ್ಯಾದೆ ಹೋಗಬಾರದು ಅಂತ ಸುಳ್ಳು ಹೇಳಿದೆ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ.”

“ನೋಡು, ಅದು ಏನಾಯ್ತು ಅಂದ್ರೆ...”

“ಏನೂ ಹೇಳ್ಬೇಡಿ.”

ಮಾರನೇ ದಿನ ಬೂದು ಚೀಟಿ ತೆಗೆದು ಹಳದಿ ಚೀಟಿಯನ್ನು ಹನ್ನೆರಡಕ್ಕೆ ತಂದೆ. ಅರವತ್ತೊಂದು ಜನರಲ್ಲಿ ನಲವತ್ತನಾಲ್ಕು ಜನ ಮರಳಿ ಬಂದರು. ನರ್ಸ್ ಬರಲಿಲ್ಲ, ಎರಡು ಸಲ ಫೋನು ಮಾಡಿಸಿದೆ, ಎತ್ತಲಿಲ್ಲ. ಆ ಖಾಲಿ ಸೀಟುಗಳಿಗೆ ಕಾಯುತ್ತಿದ್ದವರನ್ನು ಸೇರಿಸಿದ್ದರಿಂದ ಅದೇ ತಿಂಗಳಲ್ಲಿ ಕೋಣೆ ಮತ್ತೆ ಕಿಕ್ಕಿರಿಯಿತು. ಮನೆಯಲ್ಲಿ ಹೆಂಡತಿ ಎಂದಿನಂತೆಯೇ ಇದ್ದಳು. ಚಹಾ ಕೊಟ್ಟಳು, ಅಂಗಿಗೆ ಗುಂಡಿ ಹಾಕಿಕೊಟ್ಟಳು. ಪಾಠದ ವಿಷಯ ಮಾತ್ರ ಎತ್ತಲಿಲ್ಲ. ನಾನು ಟಿವಿ ಆರಿಸಿ ಕಾದು ಕೂತರೂ ಎತ್ತಲಿಲ್ಲ. ಅವಳ ಪ್ರಬಂಧವನ್ನು ಓದೋಣ ಅಂತ ಹುಡುಕಿದೆ, ಮೇಜಿನ ಮೇಲೆ ಇರಲಿಲ್ಲ.

ಹೋದ ಗುರುವಾರ ಸಂಜೆ ಟ್ಯೂಬ್‌ಲೈಟ್ ನೋಡುವ ನೆಪ ಮಾಡಿಕೊಂಡು ಹನ್ನೆರಡನೇ ಕೋಣೆಗೆ ಹೋದೆ. ಮೇಡಂ ಇನ್ನೂ ಬಂದಿರಲಿಲ್ಲ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನಗೆ ಬೆನ್ನು ಹಾಕಿ, ಕೂರಲು ಜಾಗವಿಲ್ಲದೆ ನನ್ನ ಹೆಂಡತಿಯ ಬೆಂಚಿನ ಪಕ್ಕ ನಿಂತಿದ್ದಳು.

“ಅಕ್ಕಾ, ಇದಕ್ಕಿಂತ ದೊಡ್ಡ ಕೋಣೆ ಕೊಡಲ್ವಾ? ಕೋಣೆ ಕೊಡೋರು ಯಾರೋ ರೂಮಪ್ಪ ಅಂತೆ. ನಿಮಗೆ ಗೊತ್ತಾ ಅವರು?”

ಹೆಂಡತಿ ತಲೆಯೆತ್ತಿದಳು. ಹುಡುಗಿಯ ಭುಜದ ಆಚೆ, ಬಾಗಿಲಲ್ಲಿ, ಅವಳಿಗೆ ನಾನು ಕಂಡೆ.

“ಆಫೀಸಿನವರು,” ಅಂದಳು. “ನೋಡಿದ್ದೀನಿ, ಅಷ್ಟೆ.”

ಆಮೇಲೆ ತನ್ನ ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು, ಆರು ಜನ ಕೂತಿದ್ದ ಬೆಂಚಿನಲ್ಲಿ ಇನ್ನಷ್ಟು ಒತ್ತಿಕೊಂಡು, ಆ ಹುಡುಗಿಗೆ ಜಾಗ ಮಾಡಿಕೊಟ್ಟಳು.