ನಾಲ್ಕಾಣೆ ಬೆಳೆಯ ಮೇಲೊಂದು ನಿದ್ದೆ

ನಿಜಾಮರ ಕಾಲದಲ್ಲಿ ಮಸ್ಕಿಯವರಾದ ನಮಗೆ ಪರದೇಶವೆಂದರೆ ತುಂಗಭದ್ರೆಯ ಆಚೆ ದಂಡೆ. ಅಲ್ಲಿ ಇಂಗ್ಲಿಷರ ರಾಜ್ಯ, ಬೇರೆ ರೂಪಾಯಿ, ಬೇರೆ ಕಾಯಿದೆ. ಆ ಪರದೇಶದ ಆದವಾನಿಯಿಂದ ಹತ್ತಿ ಕೊಳ್ಳಲು ಬಂದ ಸಾಹುಕಾರರೊಬ್ಬರು ನಮ್ಮೂರ ಮಠದಲ್ಲಿ ಇಳಿದುಕೊಂಡಿದ್ದರು. ನಮಗೆ ದೂರದ ಸಂಬಂಧ. ಅವರಿಗೊಬ್ಬ ಮಗಳು. ಯಾರದೋ ಮದುವೆಯಲ್ಲಿ ಅವಳನ್ನು ನೋಡಿದಾಗಿನಿಂದ ನನಗೆ ಊಟ ರುಚಿಸುತ್ತಿರಲಿಲ್ಲ. ಹಾಗಾಗಿ ಸಾಹುಕಾರರು ಹೋದಲ್ಲೆಲ್ಲ ನಾನೂ ಅವರ ಕೊಡೆ ಹಿಡಿದು ಹೋಗುತ್ತಿದ್ದೆ.

ಅವರು ಮೊದಲು ಹೋದದ್ದು ಲಿಂಗಸುಗೂರಿನ ಕಚೇರಿಗೆ. ಪಾಮನಕಲ್ಲೂರು ಕಡೆಯ ಹತ್ತಿ ಬೆಳೆ ಹದಿನಾರಾಣೆಗೆ ನಾಲ್ಕಾಣೆ, ಅಂದರೆ ಕಾಲು ಭಾಗವಷ್ಟೇ, ಎಂದು ಅಲ್ಲಿ ಹೇಳಿದರು. ಸಾಹುಕಾರರ ಮುಖ ಅರಳಿತು. ಬೆಳೆ ಕಡಿಮೆಯಾದರೆ ಧಾರಣೆ ಏರುತ್ತದೆ, ಈಗಲೇ ಸಿಕ್ಕಿದ್ದೆಲ್ಲ ಕೊಂಡುಬಿಡಬೇಕು ಎಂಬುದು ಅವರ ಲೆಕ್ಕ. ಕಂದಾಯ ಮಾಫಿಯಾಗಲೆಂದು ನಮ್ಮಲ್ಲಿ ಬೆಳೆಯನ್ನು ಇಳಿಸಿಯೇ ಬರೆಸುತ್ತಾರೆ ಎಂದು ಮೆಲ್ಲಗೆ ಹೇಳಿ ನೋಡಿದೆ.

"ಸರಕಾರಿ ಮೊಹರು ಬಿದ್ದ ಲೆಕ್ಕ ಅದು. ನಿಂಗೇನು ತಿಳೀತೈತಿ?" ಎಂದರು.

ಆಗಬೇಕಾದ ಮಾವನೊಡನೆ ವಾದಿಸುವಷ್ಟು ಧೈರ್ಯ ನನಗಿರಲಿಲ್ಲ. ಊರನ್ನಾದರೂ ಒಮ್ಮೆ ನೋಡಿ ಎಂದು ಅಂಗಲಾಚಿ ಪಾಮನಕಲ್ಲೂರಿಗೆ ಕರೆದೊಯ್ದೆ.

ಅಲ್ಲಿಯ ಗೌಡರೂ ಅದೇ ರಾಗ ತೆಗೆದರು. ಈ ಸಲ ದೀಪದ ಬತ್ತಿಗೂ ಹತ್ತಿಯಿಲ್ಲವಂತೆ. ಬೆಳೆ ಚೆನ್ನಾಗಿದೆ ಎಂದು ಬಾಯಿಬಿಟ್ಟರೆ ದೃಷ್ಟಿ ತಗಲುತ್ತದೆಂದು ನಮ್ಮ ರೈತರು ದೇವರ ಮುಂದೆಯೂ ಹಾಗೆ ಹೇಳುವವರಲ್ಲ. ಕಚೇರಿಯದೂ ರೈತನದೂ ಒಂದೇ ಮಾತಾಯಿತಲ್ಲ ಎಂಬಂತೆ ಸಾಹುಕಾರರು ನನ್ನತ್ತ ನೋಡಿದರು. ನನಗೆ ಅಳುವೇ ಬಂದಂತಾಯಿತು.

ಎಣಗಾಯಿ ಪಲ್ಯ, ರೊಟ್ಟಿ ಹೊಟ್ಟೆ ತುಂಬ ತಿನ್ನಿಸಿ, ಗೌಡರು ಅವರನ್ನು ಅಡ್ಡಾಗಲು ಒಳಗೆ ಕರೆದೊಯ್ದರು. ಕೋಣೆಯಲ್ಲಿ ಹತ್ತಿ ತೊಲೆಯವರೆಗೂ ಒಟ್ಟಿತ್ತು. ಗೌಡರು ರಾಶಿಯ ಅಂಚನ್ನು ತುಳಿಸಿ, ತಗ್ಗು ಮಾಡಿಸಿ, ಕಂಬಳಿ ಹಾಸಿದರು.

"ಏನೂ ಅನ್ಕೋಬ್ಯಾಡ್ರಿ ಸಾವಕಾರ್ರ. ಎಲ್ಲಾ ಕ್ವಾಣ್ಯಾಗೂ ಹಿಂಗ ತುಂಬೈತಿ, ಮಲಗಾಕ ಜಾಗಾನ ಇಲ್ಲ."

ಉಂಡ ಮಂಪರಿನಲ್ಲಿ ಸಾಹುಕಾರರು ಮಲಗಿದವರೇ ಗೊರಕೆ ಹೊಡೆದರು. ಎದ್ದಾಗ ಮೀಸೆಯಲ್ಲಿ ಹತ್ತಿ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು ನೋಡಿದರು, ಕೆಳಗೆ ಒತ್ತಿ ನೋಡಿದರು, ತೊಲೆಯನ್ನೂ ನೋಡಿದರು. ನೇರವಾಗಿ ಬಂದು ಗಾಡಿ ಹತ್ತಿದರು.

ಅವತ್ತು ಅವರು ಏನೂ ಕೊಳ್ಳಲಿಲ್ಲ. ಧಾರಣೆ ಬಿದ್ದ ಮೇಲೆ ಕೊಂಡು ಒಳ್ಳೆಯ ಲಾಭ ಮಾಡಿದರು. "ನಿಮ್ಮ ಸೀಮ್ಯಾಗ ಇಲ್ಲ ಅಂದ್ರ ಮನಿ ತುಂಬ ಐತಿ ಅಂತ ತಿಳೀಬೇಕು" ಎಂದು ನನ್ನ ಬೆನ್ನು ತಟ್ಟಿದರು.

ಆ ಉಮೇದಿನಲ್ಲೇ, ಮಠದ ಕಟ್ಟೆಯ ಮೇಲೆ ಮಗಳ ಮಾತೆತ್ತಿ, ಆಸ್ತಿ ಏನಿದೆ ಎಂದು ಅಪ್ಪನನ್ನು ಕೇಳಿದರು. ಅಪ್ಪ ಸುಳ್ಳಾಡುವವನೇ ಅಲ್ಲ.

"ನಮ್ದೇನೂ ಇಲ್ರಿ. ಒಂದು ಮನಿ ಐತಿ, ಅದೂ ಸೋರ್ತೈತಿ."

ಸಾಹುಕಾರರು ನನ್ನತ್ತ ಕಣ್ಣು ಮಿಟುಕಿಸಿ, ಅಲ್ಲೇ ಸಕ್ಕರೆ ಹಂಚಿಸಿದರು.

ಮದುವೆಯಾಗಿ ಮನೆಗೆ ಬಂದ ಹೆಂಡತಿ ಇದ್ದೆರಡು ಬಾಗಿಲನ್ನೂ ತೆರೆದು ನೋಡಿದಳು. "ತೊಲಿ ಮಟ ಹತ್ತಿ ಇರ್ತೈತಿ ಅಂದಿದ್ರು ನಮ್ಮಪ್ಪ. ಎಲ್ಲೈತ್ರಿ?" ಎಂದು ಕೇಳಿದಳು.

ನಾನು ತಲೆದಿಂಬನ್ನು ತೋರಿಸಿದೆ. ಅವಳು ಒತ್ತಿ ನೋಡಿದಳು. ಅದರಲ್ಲೂ ನಾಲ್ಕಾಣೆಯಷ್ಟೇ ಇತ್ತು.